ಸೊನ್ನೆ ದೋಷದ ಕೀಮ್ಯಾನ್

ಸಂಬಳದ ಪಟ್ಟಿಯಲ್ಲಿ ಅವನ ಹೆಸರು ಏನೇ ಇರಲಿ, ಸ್ಟೇಷನ್ನಿನಿಂದ ಮೋರಿ ತಿರುವಿನವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಎಲ್ಲಸರಿ’ ಎಂದೇ. ಎದುರಾದವರು ‘ಏನಪ್ಪಾ, ಹೇಗಿದೆ ಲೈನು?’ ಎಂದರೆ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಉತ್ತರ. ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದಾಗ ದಾದಿ ಹೊರಗೆ ಬಂದು ‘ಬಿಸಿನೀರು, ಬಟ್ಟೆ ಎಲ್ಲ ರೆಡಿನಾ?’ ಎಂದು ಕೇಳಿದ್ದಕ್ಕೂ ‘ಎಲ್ಲ ಸರಿ ಇದೆ’ ಎಂದಿದ್ದ. ಒಲೆಯನ್ನೇ ಹಚ್ಚಿರಲಿಲ್ಲ. ಆ ಮಾತನ್ನು ಹೆಂಡತಿ ಇಪ್ಪತ್ತನಾಲ್ಕು ವರ್ಷಗಳಿಂದ ಎತ್ತಿ ಆಡುತ್ತಲೇ ಇದ್ದಾಳೆ.

ಕೆಲಸ ಕೀಮ್ಯಾನ್. ಹಳಿಯನ್ನು ಅದರಡಿಯ ಅಡ್ಡಪಟ್ಟಿಗೆ, ಅಂದರೆ ಸ್ಲೀಪರಿಗೆ, ಬಿಗಿಹಿಡಿಯುವ ಕಬ್ಬಿಣದ ಬೆಣೆಗೆ ಇಲಾಖೆಯಲ್ಲಿ ಕೀ ಎನ್ನುತ್ತಾರೆ. ರೈಲು ಓಡಿದಂತೆಲ್ಲ ಬೆಣೆಗಳು ಅದುರಿ ಹೊರಗೆ ಸರಿಯುತ್ತವೆ. ಸುತ್ತಿಗೆ ಹಿಡಿದು ಅವನ್ನು ಮತ್ತೆ ಒಳಕ್ಕೆ ಬಡಿಯುತ್ತ ನಡೆಯುವವನು ಕೀಮ್ಯಾನ್. ಬೆಳಿಗ್ಗೆ ಆರಕ್ಕೆ ಸ್ಟೇಷನ್ನಿನ ಸಿಗ್ನಲ್ ಕಂಬದಿಂದ ಹೊರಟು ಎಡಗಡೆಯ ಹಳಿ ನೋಡುತ್ತ ಮೋರಿ ತಿರುವಿನ ಗಡಿಕಲ್ಲಿನವರೆಗೆ ಆರು ಕಿಲೋಮೀಟರ್. ಬಲಗಡೆಯ ಹಳಿ ನೋಡುತ್ತ ವಾಪಸ್ ಆರು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ ಮತ್ತು ಸ್ಪ್ಯಾನರ್, ಕಂಕುಳಲ್ಲಿ ಹಸಿರು ಕೆಂಪು ಬಾವುಟ, ಚೀಲದಲ್ಲಿ ಬುತ್ತಿ, ಜೊತೆಗೆ ತಗಡಿನ ಡಬ್ಬಿಯಲ್ಲಿ ಪಟಾಕಿ. ಇದು ಸಂಭ್ರಮದ ಪಟಾಕಿಯಲ್ಲ. ಹಳಿಯ ಮೇಲೆ ಕಟ್ಟಿಟ್ಟರೆ ಇಂಜಿನ್ ಚಕ್ರದಡಿ ಢಂ ಎಂದು ಸಿಡಿದು, ಮುಂದೆ ಅಪಾಯವಿದೆ ನಿಲ್ಲಿಸು ಎಂದು ಡ್ರೈವರನಿಗೆ ಹೇಳುವಂಥದ್ದು. ಮೂವತ್ತೊಂದು ವರ್ಷ ನಡೆದದ್ದನ್ನು ಕೂಡಿಸಿದರೆ ಭೂಮಿಗೆ ಎರಡೂವರೆ ಸುತ್ತು ಬಂದಂತೆ ಎಂದು ಮಗಳು ಒಮ್ಮೆ ಹೇಳಿದ್ದಳು. ಅಷ್ಟು ತಿರುಗಿಯೂ ಅವನು ಕಂಡ ಪರದೇಶವೆಂದರೆ ಮೋರಿ ತಿರುವು.

ಈ ಕೆಲಸ ಕಲಿಸಿದವನು ಅವನ ಮಾವ, ಅಂದರೆ ಹೆಂಡತಿಯ ಅಪ್ಪ. ಅವನೂ ಅದೇ ಆರು ಕಿಲೋಮೀಟರಿನಲ್ಲಿ ಮೊಣಕಾಲು ಸವೆಸಿದವನು. ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲಸರಿ ಬಹಳ ಪ್ರಾಮಾಣಿಕವಾಗಿ ಡೈರಿಯಲ್ಲಿ ‘ಮೂರು ಕೀ ಸಡಿಲ, ಬಡಿದು ಕೂರಿಸಿದೆ’ ಎಂದು ಬರೆದ. ಮರುದಿನವೇ ಆಫೀಸಿನಿಂದ ಮೆಮೊ ಬಂತು: ಸದರಿ ಕೀಗಳು ಸಡಿಲವಾದದ್ದು ಯಾವಾಗ, ಯಾರ ನಿರ್ಲಕ್ಷ್ಯದಿಂದ, ಹಿಂದಿನ ದಿನ ಅವು ಗಮನಕ್ಕೆ ಬಾರದಿರಲು ಕಾರಣವೇನು, ಮೂರು ಪ್ರತಿಗಳಲ್ಲಿ ವಿವರಣೆ ಸಲ್ಲಿಸತಕ್ಕದ್ದು. ವಿವರಣೆ ಬರೆಯಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ಇನ್ನೂ ಹನ್ನೊಂದು ಕೀ ಸಡಿಲವಾದವು.

ಮಾವ ಆ ಮೆಮೊವನ್ನು ಓದಿಸಿ ಕೇಳಿ, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟ. ಮೇಜು ನೆಟ್ಟಗೆ ನಿಂತಿತು.

‘ನೋಡು ಅಳಿಯಂದ್ರೆ,’ ಎಂದ, ‘ಸಡಿಲ ಆಗಿದ್ರೆ ಬಡಿ. ಬಡಿದ ಮೇಲೆ ಅದು ಸಡಿಲ ಇಲ್ಲ. ಇಲ್ಲದ್ದನ್ನ ಬರೆಯೋದು ಸುಳ್ಳಲ್ವಾ? ಎಲ್ಲ ಸರಿ ಮಾಡು, ಎಲ್ಲ ಸರಿ ಇದೆ ಅಂತ ಬರಿ. ಮಾಡಿದ ಕೆಲಸ ಹೇಳ್ಕೊಂಡು ತಿರುಗೋದು ಅಂದ್ರೆ ಉಂಡೋನು ಬಾಯಿ ಒರೆಸ್ಕೊಳ್ಳದೆ ಬೀದಿ ಸುತ್ತಿದ ಹಾಗೆ.’

ಅದೇ ಆ ಲೈನಿನ ಹಳೆಯ ಕೀಮ್ಯಾನ್‌ಗಳ ಪದ್ಧತಿಯಾಗಿತ್ತು, ಅಳಿಯ ಅದನ್ನು ವೇದವಾಕ್ಯ ಮಾಡಿಕೊಂಡ. ಅಂದಿನಿಂದ ಅವನ ಡೈರಿಯ ಪ್ರತಿ ಪುಟದಲ್ಲೂ ತಾರೀಖು, ಸಹಿ, ನಡುವೆ ಮೂರು ಪದ. ಹೊಸ ಬೆಣೆ ಹಾಕಿದಾಗ ತೆಗೆದ ಹಳೆಯದನ್ನು, ತುಂಡಾದ ಬೋಲ್ಟನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದ. ಹಳಿಯ ಬದಿಯಲ್ಲಿ ಬಿಟ್ಟರೆ ಯಾರ ಕಾಲಿಗಾದರೂ ಚುಚ್ಚೀತು ಎಂಬ ಕಾಳಜಿ. ಹೆಂಡತಿ ಅವನ್ನು ಹಿತ್ತಲಿನ ಕೆಸರಿನಲ್ಲಿ ಒಂದರ ಪಕ್ಕ ಒಂದು ಹೂತು, ಅಡುಗೆಮನೆ ಬಾಗಿಲಿಂದ ನಲ್ಲಿಯವರೆಗೆ ಕಾಲುದಾರಿ ಮಾಡಿಕೊಂಡಿದ್ದಳು. ಇಲಾಖೆಯ ಕ್ವಾರ್ಟರ್ಸಿನಲ್ಲಿ ಕಾಲಿಗೆ ಕೆಸರು ಮೆತ್ತದ ಹಿತ್ತಲು ಅದೊಂದೇ.

ಗಡಿಕಲ್ಲಿನಾಚೆಯ ಆರು ಕಿಲೋಮೀಟರಿಗೆ ಬೇರೊಬ್ಬ ಕೀಮ್ಯಾನ್ ಇದ್ದ. ಅವನನ್ನು ಜನ ‘ಕವಿ’ ಎನ್ನುತ್ತಿದ್ದರು. ಸುತ್ತಿಗೆಯ ಹಿಡಿಗಿಂತ ಪೆನ್ನು ಹಗುರ ಎಂದು ಬೇಗನೆ ಕಂಡುಕೊಂಡ ಬುದ್ಧಿವಂತ. ಗಡಿಕಲ್ಲಿನಿಂದ ಸ್ವಲ್ಪ ಆಚೆಗಿನ ಮರದಡಿ ಟವೆಲ್ ಹಾಸಿ ಮಲಗಿ, ಎದ್ದು ಪುಟಗಟ್ಟಲೆ ಬರೆಯುತ್ತಿದ್ದ: ‘ಇಂದು ಹದಿನಾಲ್ಕು ಕೀಗಳು ಸಡಿಲಗೊಂಡು ಕಂಡುಬಂದವು. ಎಂಟು ಬೋಲ್ಟುಗಳು ತುಕ್ಕು ಹಿಡಿದು ಶೋಚನೀಯ ಸ್ಥಿತಿಯಲ್ಲಿವೆ.’ ಮರುದಿನವೂ ಅದೇ ಹದಿನಾಲ್ಕು, ಅದೇ ಎಂಟು. ಬಡಿಯುವ ಗೋಜಿಗೆ ಹೋಗುತ್ತಿರಲಿಲ್ಲ. ಮೆಮೊ ಬಂದರೆ ಅವನಿಗೆ ಹಾಲು ಕುಡಿದಷ್ಟು ಸಂತೋಷ. ವಿವರಣೆ ಬರೆಯುವ ದಿನ ಲೈನಿಗೆ ಹೋಗಬೇಕಾಗಿಲ್ಲವಲ್ಲ. ಅವನ ಕಡೆಯ ರೈಲುಗಳು ಹಳಿ ತಪ್ಪದೆ ಓಡುತ್ತಿದ್ದುದಕ್ಕೆ ಕಾರಣ, ಎಲ್ಲಸರಿ ಆಗಾಗ ಗಡಿಕಲ್ಲು ದಾಟಿ ಆ ಹದಿನಾಲ್ಕನ್ನೂ ಬಡಿದು ಬರುತ್ತಿದ್ದುದು. ಕವಿ ಮರದಡಿಯಿಂದಲೇ ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದ.

ಎಲ್ಲಸರಿಗೆ ಒಂದೇ ಒಂದು ಚಿಂತೆ ಇತ್ತು: ಮೋರಿ ತಿರುವು. ಅಲ್ಲಿ ಲೈನು ಸಣ್ಣ ಮೋರಿಯ ಮೇಲೆ ಹಾದು ಒಮ್ಮೆಲೇ ಬಲಕ್ಕೆ ಹೊರಳುತ್ತದೆ. ಚಕ್ರಗಳು ಉಜ್ಜಿ ಉಜ್ಜಿ ಅಲ್ಲಿನ ಬಲಗಡೆಯ ಹಳಿ ಸವೆದುಹೋಗಿತ್ತು. ಬೆಣೆ ಬಡಿಯಬಹುದು, ಬೋಲ್ಟು ತಿರುಪಬಹುದು. ಸವೆದ ಉಕ್ಕನ್ನು ಸುತ್ತಿಗೆಯಿಂದ ಬೆಳೆಸಲಾಗುತ್ತದೆಯೇ? ಹೊಸ ಹಳಿಯೇ ಬೇಕು. ಹನ್ನೊಂದು ವರ್ಷಗಳಿಂದ ಲೈನ್ ಇನ್‌ಸ್ಪೆಕ್ಟರಿಗೆ ಹೇಳುತ್ತಲೇ ಇದ್ದ. ‘ಆಗುತ್ತೆ, ಆಗುತ್ತೆ’ ಎಂದು ಅವರೂ ಹನ್ನೊಂದು ವರ್ಷದಿಂದ ಹೇಳುತ್ತಿದ್ದರು. ಕಳೆದ ಎರಡು ವರ್ಷಗಳಿಂದ ಚಿಂತೆ ಎದೆಯೊಳಗೇ ಬಂದು ಕೂತಿತ್ತು. ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದ ಮಗಳು ದಿನವೂ ಎಂಟು ಹತ್ತರ ಲೋಕಲ್‌ನಲ್ಲಿ ಆ ತಿರುವು ದಾಟುತ್ತಿದ್ದಳು. ಅಪ್ಪ ಆ ಹೊತ್ತಿಗೆ ಸರಿಯಾಗಿ ಅಲ್ಲಿ ಹಸಿರು ಬಾವುಟ ಹಿಡಿದು ನಿಂತಿರುತ್ತಿದ್ದ. ಮೂರನೇ ಡಬ್ಬಿಯ ಕಿಟಕಿಯಿಂದ ಅವಳು ಕೈ ಬೀಸುತ್ತಿದ್ದಳು. ಅವನು ಕೈ ಬೀಸುತ್ತಿರಲಿಲ್ಲ. ಅವನ ಕಣ್ಣು ಅವಳ ಡಬ್ಬಿಯ ಚಕ್ರದ ಮೇಲಿರುತ್ತಿತ್ತು.

ಹೀಗಿರುವಾಗ ರಾಜಧಾನಿಯಲ್ಲಿ ರಾಷ್ಟ್ರೀಯ ರೈಲು ನವೀಕರಣ ಮತ್ತು ವಿಸ್ತರಣಾ ಮಸೂದೆ ಮಂಡನೆಯಾಯಿತು. ಇನ್ನೂರ ಹನ್ನೆರಡು ಪುಟ, ಒಂಬತ್ತು ಅನುಸೂಚಿ. ಸಭೆಯಲ್ಲಿ ಮೂರು ದಿನ ಚರ್ಚೆ ನಡೆಯಿತು. ಮೊದಲ ದಿನ ರೈಲು ಮಂತ್ರಿಗಳು, ಇನ್ನು ಮುಂದೆ ರೈಲು ಗಾಳಿಯನ್ನೇ ನಾಚಿಸುತ್ತದೆ ಎಂದರು. ಎರಡನೇ ದಿನ ವಿರೋಧ ಪಕ್ಷದವರು, ಇದು ನಮ್ಮ ಕಾಲದ ಮಸೂದೆ, ಕದ್ದಿದ್ದಾರೆ ಎಂದು ಕೂಗಿ ಹೊರನಡೆದರು. ಮೂರನೇ ದಿನ ಉಳಿದವರು ಮೇಜು ಗುದ್ದಿ ಅಂಗೀಕರಿಸಿದರು. ಇನ್ನೂರ ಹನ್ನೆರಡು ಪುಟವನ್ನು ಓದಿದವರೆಂದರೆ ಅಚ್ಚುಮೊಳೆ ಜೋಡಿಸಿದವರು ಮಾತ್ರ ಎಂದು ಹೇಳುವವರಿದ್ದರು. ನನಗೇನೋ ಅವರೂ ಓದಿರಲಾರರು ಎಂದೇ ಅನುಮಾನ.

ಹೆಂಡತಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದಳು. ‘ಹಳೆಯ ಹಳಿಗಳನ್ನೆಲ್ಲ ಕಿತ್ತು ಹೊಸ ಹಳಿ ಹಾಕಲಾಗುವುದು, ಅಂತ ಬರೆದಿದೆ ರೀ.’

‘ಎಲ್ಲಾ ಹಳೆ ಹಳಿನಾ?’

‘ಎಲ್ಲಾ ಅಂತಲೇ ಇದೆ.’

ಆ ದಿನ ಅವನು ಒಂದು ತುತ್ತು ಹೆಚ್ಚಿಗೆ ಉಂಡ. ಮೋರಿ ತಿರುವು ಸರ್ಕಾರದ ಕಣ್ಣಿಗೂ ಬಿತ್ತು ಎಂದು ನಂಬಿದ. ಪಾಪ, ನಂಬುವುದರಲ್ಲಿ ಅವನು ಸಣ್ಣ ಮಗುವಿಗಿಂತ ಕಡೆ.

ಎರಡು ತಿಂಗಳಿಗೆ, ಹೊಸ ಹಳಿ ಎಲ್ಲೆಲ್ಲಿ ಬೇಕೆಂದು ಅಧ್ಯಯನ ಮಾಡುವ ಅಧಿಕಾರಿ ಬಂದ. ಚಿಕ್ಕ ವಯಸ್ಸು, ಬಿಳಿ ಬೂಟು, ಕೈಯಲ್ಲಿ ಟ್ಯಾಬ್. ಸ್ಟೇಷನ್ನಿನ ಕೋಣೆಯಲ್ಲಿ ಫ್ಯಾನಿನಡಿ ಕೂತು ಹತ್ತು ವರ್ಷದ ಡೈರಿಗಳನ್ನು ತರಿಸಿದ. ಎಲ್ಲಸರಿ ಅವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮದುವೆಗೆ ಹೊರಟ ಹುಡುಗಿಯನ್ನು ಕರೆತಂದಂತೆ ಒಂದೊಂದಾಗಿ ತಂದಿಟ್ಟ. ಅಧಿಕಾರಿ ಪುಟ ತಿರುವಿದ. ಇನ್ನೂ ತಿರುವಿದ. ಹುಬ್ಬೇರಿಸಿದ.

‘ಹತ್ತು ವರ್ಷದಲ್ಲಿ ಒಂದೂ ದೋಷ ಇಲ್ವಾ?’

‘ಒಂದೂ ಇಲ್ಲ ಸಾರ್,’ ಎಂದ ಎಲ್ಲಸರಿ. ಎದೆ ಒಂದು ಗೇಣು ಉಬ್ಬಿತ್ತು.

‘ವಂಡರ್‌ಫುಲ್! ದೇಶದಲ್ಲೇ ಸೊನ್ನೆ ಬಂದಿರೋದು ಇದೊಂದೇ ಸೆಕ್ಷನ್.’ ಬೆರಳಿನಿಂದ ಟ್ಯಾಬಿನ ಮೇಲೆ ಸೊನ್ನೆ ಒತ್ತಿದ.

‘ಸಾರ್, ಆ ಮೋರಿ ತಿರುವಿನ ಹಳಿ ಮಾತ್ರ ಪೂರ್ತಿ ಸವೆದಿದೆ.’

‘ಡೈರಿಯಲ್ಲಿ ಎಲ್ಲಿ ಬರೆದಿದೀರಿ?’

‘ಬರೆದಿಲ್ಲ ಸಾರ್. ಇನ್‌ಸ್ಪೆಕ್ಟರ್ ಸಾಹೇಬ್ರಿಗೆ ಬಾಯಲ್ಲಿ ಹೇಳಿದೀನಿ, ಹನ್ನೊಂದು ವರ್ಷದಿಂದ.’

‘ಬಾಯಿಗೆ ಇದರಲ್ಲಿ ಕಾಲಂ ಇಲ್ಲ.’

‘ಹಾಗಾದ್ರೆ ಬಂದು ಕಣ್ಣಲ್ಲೇ ನೋಡಿ ಸಾರ್. ಒಂದೂವರೆ ಗಂಟೆ ನಡಿಗೆ ಅಷ್ಟೆ.’

ಅಧಿಕಾರಿ ಕಿಟಕಿಯಿಂದ ಜಲ್ಲಿಕಲ್ಲುಗಳನ್ನು ನೋಡಿದ, ಆಮೇಲೆ ತನ್ನ ಬಿಳಿ ಬೂಟುಗಳನ್ನು ನೋಡಿದ. ‘ಕಾಯ್ದೆಯ ಪ್ರಕಾರ ದಾಖಲೆಗಳ ಪರಿಶೀಲನೆಯೇ ಸ್ಥಳ ಪರಿಶೀಲನೆ,’ ಎಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಈ ಪುಣ್ಯಾತ್ಮನಿಗೆ ಕನ್ನಡಿ ಮಾತ್ರ ಸಾಕಾಗಿತ್ತು, ಅಂಗೈ ಬೇಡವಾಗಿತ್ತು.

ಆದೇಶ ಬಂದದ್ದು ಚಳಿಗಾಲದ ಹೊತ್ತಿಗೆ. ಮಗಳು ಅದನ್ನು ಎರಡು ಸಲ ಓದಿದಳು. ಮೊದಲ ಸಲ ತನಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡಿದ್ದಳು. ಕಾಯ್ದೆಯ ಹದಿನೇಳನೇ ಕಲಮಿನ ಪ್ರಕಾರ, ಡೈರಿಗಳಲ್ಲಿ ಹೆಚ್ಚು ದೋಷ ದಾಖಲಾದ ಸೆಕ್ಷನ್ನಿಗೆ ಮೊದಲು ಹೊಸ ಹಳಿ. ಆದ್ದರಿಂದ ಕವಿಯ ಆರು ಕಿಲೋಮೀಟರಿಗೆ ಹೊಚ್ಚ ಹೊಸ ಹಳಿ, ಹೊಸ ಸ್ಲೀಪರ್, ‘ಸದಾ ಜಾಗೃತ ನೌಕರ’ ಎಂದು ಕವಿಗೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಮತ್ತು ಒಂದು ಗೋಡೆ ಗಡಿಯಾರ. ಒಂದೂ ದೋಷ ಇಲ್ಲದ ಸೆಕ್ಷನ್ನಿಗೆ ಹೊಸ ಹಳಿ ಅನಗತ್ಯ. ಇನ್ನು ನಲವತ್ತೊಂದನೇ ಕಲಮಿನ ಪ್ರಕಾರ, ದೋಷವೇ ಇಲ್ಲದ ಕಡೆ ದೋಷ ಹುಡುಕುವ ನೌಕರನೂ ಅನಗತ್ಯ. ತಿಂಗಳ ಕೊನೆಗೆ ಕೀಮ್ಯಾನ್ ಹುದ್ದೆ ರದ್ದು. ಸದರಿ ನೌಕರರಿಗೆ ನಿವೃತ್ತಿ ವೇತನದೊಂದಿಗೆ ಗೌರವಪೂರ್ವಕ ವಿದಾಯ.

‘ಅಂದ್ರೆ ಮುಂದಿನ ತಿಂಗಳಿಂದ ನಮ್ಮ ಲೋಕಲ್‌ಗೆ ಮುಂಚೆ ಲೈನ್ ನೋಡೋರು ಯಾರು?’ ಎಂದಳು ಮಗಳು.

ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು. ‘ನಮ್ಮಪ್ಪ ಸತ್ತ ಮೇಲೂ ನಿಮ್ಮ ತಲೆ ಮೇಲೇ ಕೂತಿದಾನೆ. ಮಾಡಿದ್ದನ್ನ ಹೇಳ್ಕೊಳ್ಳಬಾರ್ದಂತೆ! ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೆಸರು ನಿಮ್ಮ ಕೈಗೆ, ಮೊಸರು ಆ ಮರದಡಿ ಮಲಗೋನ ಬಾಯಿಗೆ!’

ಮರುದಿನ ಅವನು ಇನ್‌ಸ್ಪೆಕ್ಟರ್ ಮುಂದೆ ಹೋಗಿ ನಿಂತ. ಇನ್‌ಸ್ಪೆಕ್ಟರ್ ಕೆಟ್ಟವರೇನಲ್ಲ. ನಿವೃತ್ತಿಗೆ ಮೂರು ವರ್ಷ ಬಾಕಿ ಇರುವವರು ಎಷ್ಟು ಒಳ್ಳೆಯವರಾಗಿರಲು ಸಾಧ್ಯವೋ ಅಷ್ಟು ಒಳ್ಳೆಯವರು.

‘ಸಾರ್, ನಾನು ವರ್ಷಕ್ಕೆ ನೂರಾರು ಕೀ ಬದಲಾಯಿಸಿದೀನಿ. ಅದನ್ನ ಈಗ ಬರೆದುಕೊಡ್ತೀನಿ.’

ಇನ್‌ಸ್ಪೆಕ್ಟರ್ ಎದ್ದು ಬಾಗಿಲು ಮುಚ್ಚಿದರು. ‘ನನಗೆ ಗೊತ್ತಿಲ್ವೇನಯ್ಯಾ? ಆದ್ರೆ ಈಗ ಹಾಗೆ ಬರೆದುಕೊಟ್ರೆ, ಹತ್ತು ವರ್ಷ ಸುಳ್ಳು ಡೈರಿ ಬರೆದೆ ಅಂತ ನೀನೇ ಒಪ್ಕೊಂಡ ಹಾಗೆ. ಪೆನ್ಷನ್‌ಗೆ ಕಲ್ಲು ಬೀಳುತ್ತೆ.’

‘ಸಾಕ್ಷಿ ಇದೆ ಸಾರ್. ತೆಗೆದ ಕೀಗಳೆಲ್ಲ ನಮ್ಮ ಹಿತ್ತಲಲ್ಲೇ ಇವೆ. ಹೆಂಡತಿ ದಾರಿ ಮಾಡಿದಾಳೆ.’

ಇನ್‌ಸ್ಪೆಕ್ಟರ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ‘ನಾನು ಕೇಳಿಸ್ಕೊಳ್ಳಲಿಲ್ಲ. ರೈಲ್ವೆ ಆಸ್ತಿ ಹಿತ್ತಲಲ್ಲಿ! ಕಳ್ಳತನದ ಕೇಸು ಹಾಕ್ತಾರೆ. ಸುಮ್ನೆ ಹೋಗಯ್ಯಾ. ಇನ್ನೊಂದು ವಿಷಯ, ಇಪ್ಪತ್ತೆಂಟಕ್ಕೆ ಮಂತ್ರಿಗಳು ಬರ್ತಾರೆ. ನಮ್ಮ ಸ್ಟೇಷನ್‌ಗೆ ‘ದೋಷರಹಿತ ಸೆಕ್ಷನ್’ ಅಂತ ಬೋರ್ಡು. ಅದನ್ನ ಉದ್ಘಾಟಿಸಿ, ಸ್ಪೆಷಲ್ ರೈಲಲ್ಲಿ ನಿನ್ನ ಆರು ಕಿಲೋಮೀಟರ್ ಫುಲ್ ಸ್ಪೀಡಲ್ಲಿ ಓಡಿಸಿ ತೋರಿಸ್ತಾರಂತೆ.’

‘ಮೋರಿ ತಿರುವಲ್ಲೂ ಫುಲ್ ಸ್ಪೀಡಾ?’

‘ದೋಷ ಇಲ್ವಲ್ಲಯ್ಯಾ,’ ಎಂದರು ಇನ್‌ಸ್ಪೆಕ್ಟರ್. ಅವರ ಮುಖ ನೋಡಿದರೆ ಅಳುತ್ತಾರೋ ನಗುತ್ತಾರೋ ತಿಳಿಯುತ್ತಿರಲಿಲ್ಲ.

ಇಪ್ಪತ್ತೆಂಟರ ಬೆಳಿಗ್ಗೆ ಕೈ ಮರಗಟ್ಟುವ ಚಳಿ. ಚಳಿಗೆ ಹಳಿ ಕುಗ್ಗುತ್ತದೆ, ಹಳೆಯದಾದರೆ ಬಿರುಕು ಬಿಡುತ್ತದೆ. ಮಾವ ಇದನ್ನೂ ಕಲಿಸಿದ್ದ. ಸ್ಟೇಷನ್ನಿನಲ್ಲಿ ಆಗಲೇ ಬಣ್ಣದ ಕಾಗದ ಕಟ್ಟುತ್ತಿದ್ದರು. ಎಲ್ಲಸರಿ ಎಂದಿನಂತೆ ಹೊರಟ. ಕಂಕುಳಲ್ಲಿದ್ದ ಕೆಂಪು ಬಾವುಟ ಇಲಾಖೆಯದಲ್ಲ. ಇಲಾಖೆ ಕೊಟ್ಟದ್ದು ಒಂಬತ್ತು ವರ್ಷದ ಬಿಸಿಲಿಗೆ ತಿಳಿ ಗುಲಾಬಿಯಾಗಿ, ಅದನ್ನು ನೋಡಿದ ಡ್ರೈವರುಗಳು ನಿಲ್ಲಿಸುವ ಬದಲು ನಕ್ಕು ಹೋಗುವಂತಾದ ಮೇಲೆ, ಹೆಂಡತಿ ಅಡುಗೆಮನೆಯ ಕೆಂಪು ಪರದೆಯನ್ನು ಕತ್ತರಿಸಿ ಹೊಲಿದು ಕೊಟ್ಟಿದ್ದಳು.

ಎಂಟು ಹತ್ತಕ್ಕೆ ತಿರುವಿನಲ್ಲಿ ನಿಂತ. ಲೋಕಲ್ ಬಂತು. ಮೂರನೇ ಡಬ್ಬಿಯಿಂದ ಮಗಳು ಕೈ ಬೀಸಿದಳು. ಅವಳ ಡಬ್ಬಿ ಮೋರಿ ದಾಟುವಾಗ ಎಂದೂ ಕೇಳದ ಒಂದು ಸದ್ದು ಕೇಳಿಸಿತು. ಖಟ್ ಎಂದು, ಒಣ ಮೂಳೆ ಮುರಿದಂತೆ. ಕೊನೆಯ ಡಬ್ಬಿ ಮರೆಯಾದ ಮೇಲೆ ಅವನು ಓಡಿಹೋಗಿ ಬಲಗಡೆಯ ಹಳಿಯ ಮೇಲೆ ಬಗ್ಗಿದ. ಹಳಿ ತಲೆಯಿಂದ ಬುಡದವರೆಗೆ ಸೀಳಿತ್ತು. ಸೀಳಿನಲ್ಲಿ ಕಿರುಬೆರಳು ಹೋಗುತ್ತಿತ್ತು.

ಅವನು ಜಲ್ಲಿಯ ಮೇಲೆ ಕುಸಿದು ಕೂತ. ಮಗಳು ಈಗಷ್ಟೇ ಇದರ ಮೇಲೆ ಹೋದಳು. ಇನ್ನೆರಡು ಡಬ್ಬಿ ಹೆಚ್ಚಿದ್ದಿದ್ದರೆ? ಗಂಡಸು ಅತ್ತನೆಂದು ಹೇಳಲು ನನಗೇನೂ ಸಂಕೋಚವಿಲ್ಲ, ಅತ್ತ.

ಕಣ್ಣೊರೆಸಿಕೊಂಡಾಗ ಮೊದಲು ಹೊಳೆದದ್ದು ಅಭ್ಯಾಸದ ಮಾತು. ಮೋರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಂಥ ಬಿರುಕಿಗೆಂದೇ ಇಟ್ಟ ಉಕ್ಕಿನ ಪಟ್ಟಿಗಳೂ ಕ್ಲಾಂಪುಗಳೂ ಇದ್ದವು. ಎರಡೂ ಬದಿಗೆ ಪಟ್ಟಿ ಕೊಟ್ಟು ಬಿಗಿದರೆ ಇಪ್ಪತ್ತು ನಿಮಿಷದ ಕೆಲಸ. ಹಿಂದೆಯೂ ಎರಡು ಸಲ ಹೀಗೆ ಬಿಗಿದು, ಒಳಗೊಳಗೇ ಇನ್‌ಸ್ಪೆಕ್ಟರಿಗೆ ಹೇಳಿ, ಯಾವುದೋ ಹಳೆಯ ತುಂಡು ತರಿಸಿ ಜೋಡಿಸಿದ್ದ. ಡೈರಿಯಲ್ಲಿ ಎಲ್ಲ ಸರಿ. ಸ್ಪೆಷಲ್ ರೈಲು ಹತ್ತು ಗಂಟೆಗೆ. ಬೇಕಾದಷ್ಟು ಹೊತ್ತಿತ್ತು.

ಶೆಡ್ಡಿನ ಬಾಗಿಲು ತೆರೆದ. ಕ್ಲಾಂಪು ಕೈಗೆತ್ತಿಕೊಂಡ. ಬಿಗಿದರೆ ಸ್ಪೆಷಲ್ ದಾಟೀತು, ಬ್ಯಾಂಡು ಮೊಳಗೀತು, ಬೋರ್ಡು ಏರೀತು. ಮೂರನೇ ದಿನಕ್ಕೆ ಅವನು ಮನೆಯಲ್ಲಿರುತ್ತಾನೆ. ಆಮೇಲೆ ಯಾವುದೋ ಚಳಿಯ ಬೆಳಿಗ್ಗೆ, ಇನ್ನೊಂದು ಖಟ್. ಆಗ ಇಲ್ಲಿ ಬಗ್ಗಿ ನೋಡುವವರು ಯಾರು?

ಕ್ಲಾಂಪನ್ನು ವಾಪಸ್ ಇಟ್ಟು ಬಾಗಿಲು ಹಾಕಿದ. ಆಮೇಲೆ ಸ್ಟೇಷನ್ನಿನ ದಿಕ್ಕಿಗೆ ಓಡಿದ. ಅರ್ಧ ಕಿಲೋಮೀಟರ್ ದೂರದಲ್ಲಿ ಹಳಿಗಳ ನಡುವೆ ಅಡುಗೆಮನೆಯ ಪರದೆಯನ್ನು ನೆಟ್ಟ. ಅದರಾಚೆ ಇನ್ನಷ್ಟು ಓಡಿ, ನಿಯಮದಲ್ಲಿ ಹೇಳಿದ ಅಂತರದಲ್ಲಿ, ಹಳಿಗೆ ಮೂರು ಪಟಾಕಿ ಕಟ್ಟಿದ. ವಾಪಸ್ ಬಂದು ಬಿರುಕಿನ ಪಕ್ಕ ಕೂತು ಡೈರಿ ತೆಗೆದ. ಮೂರು ಪದಕ್ಕೆ ಒಗ್ಗಿದ ಕೈಗೆ ಅಕ್ಷರಗಳು ಬೇಗ ಒದಗಲಿಲ್ಲ. ‘ಮೋರಿ ತಿರುವು. ಬಲ ಹಳಿ ಪೂರ್ತಿ ಬಿರುಕು. ಸರಿಮಾಡಿಲ್ಲ. ರೈಲು ನಿಲ್ಲಿಸಿದೆ.’ ಬರೆದ ಮೇಲೂ ಕೈ ಸುಮ್ಮನಿರಲಿಲ್ಲ. ಸ್ಪ್ಯಾನರಿನ ಕಡೆಗೇ ಹೋಗುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ತೊಡೆಯಡಿ ಹಾಕಿಕೊಂಡು ಅವುಗಳ ಮೇಲೆ ಕೂತ. ಕೆಲಸಗಳ್ಳನಾಗುವುದು ಅಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಕವಿಯ ಬಗ್ಗೆ ಒಂದು ಕ್ಷಣ ಗೌರವವೂ ಮೂಡಿತು.

ಹತ್ತೂ ಹತ್ತಕ್ಕೆ ಢಂ, ಢಂ, ಢಂ. ಬ್ರೇಕಿನ ಕಿರುಚಾಟ. ಹೂವಿನ ಹಾರ ಹೊತ್ತ ಇಂಜಿನ್ ಪರದೆಯ ಎದುರು ಬಂದು ನಿಂತಿತು. ಮೊದಲು ಇಳಿದವರು ಇನ್‌ಸ್ಪೆಕ್ಟರ್, ಆಮೇಲೆ ಬಿಳಿ ಬೂಟಿನ ಅಧಿಕಾರಿ, ಆಮೇಲೆ ಕ್ಯಾಮೆರಾದವರು, ಕೊನೆಗೆ ಇಬ್ಬರ ಹೆಗಲು ಹಿಡಿದು ಮಂತ್ರಿಗಳು. ಬಿರುಕಿನವರೆಗೆ ಎಲ್ಲರೂ ಅರ್ಧ ಕಿಲೋಮೀಟರ್ ನಡೆದರು. ಅಧಿಕಾರಿಯ ಬೂಟು ಅಂತೂ ಜಲ್ಲಿ ಕಂಡಿತು.

‘ಇದು ಹೇಗೆ ಸಾಧ್ಯ?’ ಎಂದ ಅಧಿಕಾರಿ, ಬಿರುಕನ್ನೂ ಟ್ಯಾಬನ್ನೂ ಸರದಿಯಂತೆ ನೋಡುತ್ತ. ‘ದಾಖಲೆಯಲ್ಲಿ ಇಲ್ಲವಲ್ಲ!’

‘ಈಗ ಇದೆ ಸಾರ್,’ ಎಂದು ಎಲ್ಲಸರಿ ಡೈರಿ ಚಾಚಿದ.

ಮಂತ್ರಿಗಳು ಬಿರುಕಿನೊಳಗೆ ಇಣುಕಿ ನೋಡಿದರು. ಮುಖ ಸುಣ್ಣದಂತಾಯಿತು. ಆದರೆ ಮಂತ್ರಿಯಾದವರು ಸುಮ್ಮನೆ ಆಗಿರುತ್ತಾರೆಯೇ? ಕ್ಯಾಮೆರಾ ತಿರುಗುವಷ್ಟರಲ್ಲಿ ಬಣ್ಣ ವಾಪಸ್ ಬಂದಿತ್ತು. ‘ನೋಡಿ ಬಂಧುಗಳೇ,’ ಎಂದು ಬಿರುಕಿನತ್ತ ಕೈ ತೋರಿದರು, ‘ಈ ಕಾಯ್ದೆ ಯಾಕೆ ಬೇಕಿತ್ತು ಅಂತ ಕೇಳಿದವರಿಗೆ ಇಲ್ಲಿದೆ ಉತ್ತರ! ಕಾಯ್ದೆ ಬಂದದ್ದರಿಂದಲೇ ಇದು ಇವತ್ತು ಬೆಳಕಿಗೆ ಬಂತು!’ ಜೊತೆಗಿದ್ದವರು ಚಪ್ಪಾಳೆ ತಟ್ಟಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ದೊಡ್ಡವರ ಹಿಂದೆ ಯಾವಾಗಲೂ ನಾಲ್ಕು ಜನ ಇರುತ್ತಾರೆ.

ಒಂಬತ್ತೇ ದಿನದಲ್ಲಿ ಮೋರಿ ತಿರುವಿಗೆ ಹೊಸ ಹಳಿ ಬಿತ್ತು. ಹನ್ನೊಂದು ವರ್ಷ ಬಾಯಿಗೆ ಬಗ್ಗದ ಇಲಾಖೆ ಒಂದು ಬಿರುಕಿಗೆ ಬಗ್ಗಿತು. ಲೋಕಲ್‌ಗೆ ಮುಂಚೆ ಲೈನ್ ನೋಡಲು ಕೀಮ್ಯಾನ್ ಹುದ್ದೆಯೂ ಉಳಿಯಿತು. ದೋಷ ಇದೆ ಎಂದು ಸಾಬೀತಾಗಿತ್ತಲ್ಲ. ಅದಕ್ಕೆ ಅನುಭವಿಯೊಬ್ಬರು ಬೇಕೆಂದು ಕವಿಯನ್ನೇ ವರ್ಗ ಮಾಡುವ ಯೋಚನೆಯೂ ನಡೆದಿತ್ತು. ಆರು ಕಿಲೋಮೀಟರಿನಲ್ಲಿ ನೆರಳು ಕೊಡುವ ಒಂದೂ ಮರವಿಲ್ಲ ಎಂದು ತಿಳಿದು ಅವನೇ ಒಲ್ಲೆನೆಂದ. ಇನ್‌ಸ್ಪೆಕ್ಟರ್ ಆಗ, ಜೀವನದಲ್ಲಿ ಒಮ್ಮೆ ಧೈರ್ಯ ಮಾಡಿ, ಗಟ್ಟಿಮುಟ್ಟಾದ ಒಬ್ಬ ಹೆಣ್ಣುಮಗಳನ್ನು ಆರಿಸಿದರು. ಹಳಿ ದುರಸ್ತಿಯ ಗ್ಯಾಂಗಿನಲ್ಲಿ ಎಂಟು ವರ್ಷ ದುಡಿದವಳು. ಎಲ್ಲಸರಿ, ತಿಂಗಳು ಮುಗಿದ ಮೇಲೂ, ಸಂಬಳವಿಲ್ಲದೆ ಅವಳನ್ನು ನಾಲ್ಕು ದಿನ ಜೊತೆಗೆ ನಡೆಸಿದ.

‘ಬಡಿದ ಮೇಲೆ ಬರಿಯಮ್ಮಾ,’ ಎಂದು ಹೇಳಿಕೊಟ್ಟ. ‘ಎಷ್ಟು ಬಡಿದೆ ಅನ್ನೋದನ್ನೂ ಬರಿ. ಮೆಮೊ ಬಂದ್ರೆ ಬರ್ಲಿ. ಮೇಜಿನ ಕಾಲಿಗೆ ಬೇಕಾಗುತ್ತೆ.’

ಅವನ ಹುದ್ದೆ ಉಳಿದರೂ ಅವನು ಉಳಿಯಲಿಲ್ಲ. ವಿದಾಯದ ಆದೇಶ ಮೊದಲೇ ಸಹಿಯಾಗಿತ್ತು, ಸಹಿಯಾದದ್ದನ್ನು ಅಳಿಸುವ ಕಲಮು ಇನ್ನೂರ ಹನ್ನೆರಡು ಪುಟದಲ್ಲಿ ಇರಲಿಲ್ಲ. ಅಷ್ಟೇ ಆಗಿದ್ದರೆ ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ಮನೆಗೆ ಬಂದ ಎರಡನೇ ವಾರ ಮುದ್ರೆಯೊತ್ತಿದ ಲಕೋಟೆ ಬಂತು. ಹೆಂಡತಿ ಹಿತ್ತಲಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದಳು:

‘ಕಚೇರಿಯಲ್ಲಿ ಉಳಿದಿರುವ ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಸದರಿ ನೌಕರರು ಪತ್ತೆ ಹಚ್ಚಿರುವುದು ಒಂದೇ ಒಂದು ದೋಷ. ಅಗತ್ಯ ಸಾಮಗ್ರಿ ಸಮೀಪದಲ್ಲೇ ಲಭ್ಯವಿದ್ದರೂ ಅದನ್ನು ಸಹ ಸರಿಪಡಿಸಿರುವುದಿಲ್ಲ. ಈ ನಿರ್ಲಕ್ಷ್ಯಕ್ಕಾಗಿ ಇವರ ಸೇವಾ ಪುಸ್ತಕದಲ್ಲಿ ಕಪ್ಪು ಗುರುತು ಏಕೆ ನಮೂದಿಸಬಾರದು ಎಂಬುದಕ್ಕೆ ಹದಿನೈದು ದಿನಗಳೊಳಗೆ ಮೂರು ಪ್ರತಿಗಳಲ್ಲಿ ವಿವರಣೆ ನೀಡತಕ್ಕದ್ದು.’

ಓದಿ ಮುಗಿಸಿ ಅದನ್ನು ಗಂಡನ ಮುಂದೆ ಹಿಡಿದಳು. ಕಾಲಡಿಯಲ್ಲಿ ಬಾಗಿಲಿಂದ ನಲ್ಲಿಯವರೆಗೆ ಸಾವಿರಾರು ಬೆಣೆಗಳು ತುಕ್ಕು ಹಿಡಿದು ಸಾಲಾಗಿ ಮಲಗಿದ್ದವು. ‘ಒಂದೇ ಒಂದಂತೆ! ಬರೀತೀನಿ ಇವರಿಗೆ. ನಾಲ್ಕು ಪುಟ ಬರೀತೀನಿ. ಮೊದಲನೇ ಕೀಯಿಂದ ಶುರು ಮಾಡ್ತೀನಿ.’ ಕಾಗದ, ಪೆನ್ನು ತಂದು ಕೂತಳು.

ಅವನು ಕೈಯೆತ್ತಿ ಸುಮ್ಮನಿರು ಎಂದ. ಸ್ಟೇಷನ್ನಿನಿಂದ ಎಂಟು ಹತ್ತರ ಲೋಕಲ್ ಹೊರಟಿತ್ತು. ಮಗಳು ಅದರಲ್ಲಿದ್ದಳು. ಚಳಿಗಾಲದ ನಿಶ್ಶಬ್ದದಲ್ಲಿ ಅದರ ಸದ್ದು ಮೋರಿಯವರೆಗೂ ಕೇಳಿಸುತ್ತದೆ, ಕೇಳಲು ಕಿವಿ ಇದ್ದವರಿಗೆ. ಅವನು ತಲೆ ವಾಲಿಸಿ ಕೇಳಿದ. ಸದ್ದು ದೂರವಾಯಿತು, ತಿರುವಿಗೆ ಹೊರಳಿತು, ಎಲ್ಲೂ ಎಡವದೆ ದಾಟಿಹೋಯಿತು.

‘ಕೊಡು ಇಲ್ಲಿ,’ ಎಂದು ಪೆನ್ನು ತೆಗೆದುಕೊಂಡ. ಮಂಡಿಯ ಮೇಲೆ ಕಾಗದ ಇಟ್ಟುಕೊಂಡು, ಅವಸರ ಮಾಡದೆ, ಬರೆದ:

‘ಮಾನ್ಯರೇ, ಅದನ್ನೂ ಸರಿಮಾಡಿದ್ದರೆ ಅದೂ ನಿಮಗೆ ಕಾಣುತ್ತಿರಲಿಲ್ಲ.’

ಹೆಂಡತಿ ಓದಿದಳು. ಇನ್ನೊಮ್ಮೆ ಓದಿದಳು. ಒಂದಕ್ಷರವನ್ನೂ ತಿದ್ದದೆ, ಉಳಿದ ಎರಡು ಪ್ರತಿಗಳನ್ನು ತಾನೇ ಬರೆದಳು.